ಅಣ್ಣನ ಮಾತಿನ ಪಾಠ, ನನ್ನ ಹಳೆಯ ಲ್ಯಾಪ್‌ಟಾಪ್

ನನ್ನ ಅಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದ. ಕೆಲಸಕ್ಕೆ ಸೇರಿದ ಮೇಲೆ ಅಲ್ಲಿ ಇಲ್ಲಿ ಓಡಾಡಿ, ಕೊನೆಗೆ ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ನೆಲೆ ನಿಂತ. ಆ ದಾರಿಯ ಜನಕ್ಕೆ ಅವನ ಮುಖಕ್ಕಿಂತ ಗಂಟಲಿನ ಪರಿಚಯವೇ ಹೆಚ್ಚು. ಬಸ್ಸು ತುಂಬಿ ಕಾಲಿಡಲು ಜಾಗವಿಲ್ಲದಿದ್ದಾಗಲೂ ಅವನು ಹಿಂದಿನ ಬಾಗಿಲಿನಿಂದ ಕೂಗಿದ್ದು ಮುಂದಿನ ಸೀಟಿನವರಿಗೆ ಕೇಳುತ್ತಿತ್ತು. ಹತ್ತಿದ ಮುದುಕಿಯರ ಮೊಣಕಾಲು ನೋವು, ಮಗಳ ಬಾಣಂತನ, ಕಬ್ಬು ಕಡಿಯುವವರು ಈ ಸಲವೂ ಕೈಕೊಟ್ಟರೆಂಬ ದೂರು, ಎಲ್ಲವನ್ನೂ ಟಿಕೆಟ್ ಕೊಡುತ್ತಲೇ ವಿಚಾರಿಸಿಕೊಳ್ಳುತ್ತಿದ್ದ. ಮನೆಗೆ ಬಂದ ಮೇಲೂ ಮಾತು ನಿಲ್ಲುತ್ತಿರಲಿಲ್ಲ. ಬಚ್ಚಲಿನಲ್ಲಿ ನೀರು ಹುಯ್ದುಕೊಳ್ಳುತ್ತ, ಒಲೆಯ ಮುಂದಿದ್ದ ಅತ್ತಿಗೆಗೆ ಅಂದಿನ ಬಸ್ಸಿನ ಕಥೆ ಹೇಳುತ್ತಿದ್ದ. ಅತ್ತಿಗೆ ಹೂಂ ಅನ್ನುತ್ತಿದ್ದರು. ಒಮ್ಮೊಮ್ಮೆ ಅದೂ ಇರುತ್ತಿರಲಿಲ್ಲ.

ನಮ್ಮದು ಆತಗೂರು ಕಡೆಯ ಒಕ್ಕಲುತನದ ಮನೆ. ಜಮೀನನ್ನು ಈಗ ದಾಯಾದಿಯೊಬ್ಬರು ಮಾಡುತ್ತಾರೆ. ನಾವಿಬ್ಬರೂ ಸಂಬಳದ ಕೆಲಸ ಹಿಡಿದು ಮದ್ದೂರಿನಲ್ಲಿ ಅಕ್ಕಪಕ್ಕ ಮನೆ ಕಟ್ಟಿಕೊಂಡೆವು. ಎರಡು ಮನೆಗೂ ನಡುವಿನ ಗೋಡೆ ಒಂದೇ. ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಅಣ್ಣನಿಗೆ ಒಬ್ಬಳೇ ಮಗಳು, ಅವಳನ್ನು ಮಳವಳ್ಳಿಗೆ ಕೊಟ್ಟಿದ್ದೇವೆ.

ಅಣ್ಣನಿಗೆ ಪಾರ್ಶ್ವವಾಯು ಹೊಡೆದದ್ದು ಬಸ್ಸಿನಲ್ಲೇ. ಅದು ಹೇಗಾಯಿತೆಂದು ನನಗೆ ಹೇಳಿದವರು ಅವನ ಜೊತೆ ಅದೇ ಬಸ್ಸು ಓಡಿಸುತ್ತಿದ್ದ ಡ್ರೈವರ್. ಕೆ.ಎಂ.ದೊಡ್ಡಿ ದಾಟಿದ ಮೇಲೆ ಒಂದು ಸ್ಟಾಪಿನಲ್ಲಿ ಜನ ಇಳಿದರು, ಜನ ಹತ್ತಿದರು. ಡ್ರೈವರ್ ಗೇರಿನ ಮೇಲೆ ಕೈಯಿಟ್ಟು, ಅಣ್ಣ ‘ರೈಟ್’ ಅನ್ನುವುದನ್ನು ಕಾಯುತ್ತಿದ್ದರು. ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅಣ್ಣ ಎಡಗೈಯಲ್ಲಿ ಕಂಬ ಹಿಡಿದು ನಿಂತಿದ್ದ. ಟಿಕೆಟ್ ಮಿಷನ್ನು ಎದೆಯ ಮೇಲೆ ನೇತಾಡುತ್ತಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಡ್ರೈವರ್ ಯಾರನ್ನೂ ಕೇಳಲಿಲ್ಲ. ಬಸ್ಸನ್ನು ಅಲ್ಲೇ ತಿರುಗಿಸಿ, ಕೂತ ಜನರ ಸಮೇತ ಎಲ್ಲೂ ನಿಲ್ಲಿಸದೆ ಮಂಡ್ಯದ ಆಸ್ಪತ್ರೆಯ ಬಾಗಿಲಿಗೆ ತಂದರು. ಒಬ್ಬರೂ ‘ನನ್ನನ್ನು ಇಳಿಸಿ’ ಅನ್ನಲಿಲ್ಲವಂತೆ. ಯಾರೋ ಹೆಂಗಸು ದಾರಿಯುದ್ದಕ್ಕೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಆಕೆ ಯಾರೆಂದು ಇವತ್ತಿಗೂ ನಮಗೆ ಗೊತ್ತಾಗಿಲ್ಲ.

ಜೀವ ಉಳಿಯಿತು. ಬಲಗಾಲು ನಿಧಾನವಾಗಿ ನೆಲಕ್ಕೂರಿತು, ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಮಾತು ಪೂರ್ತಿ ಹೋಗಿತ್ತು. ಪೂರ್ತಿ ಅನ್ನುವುದೂ ತಪ್ಪು, ಒಂದೇ ಒಂದು ಉಳಿದಿತ್ತು. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟು, ಅತ್ತಿಗೆಯ ಮುಖ ನೋಡಿ, ಏನೋ ಹೇಳಲು ತುಟಿ ಕೂಡಿಸಿ ಅಣ್ಣ ಅಂದದ್ದು ‘ರೈಟ್’. ನೀರು ಬೇಕಾದರೂ ರೈಟ್, ಬೇಡವಾದರೂ ರೈಟ್. ಬೆನ್ನು ನೋಯುತ್ತಿದ್ದರೂ ಅದೇ. ಬೇರೆ ಏನನ್ನೋ ಹೇಳಲು ಹೊರಟು ಬಾಯಿಂದ ಅದೇ ಬಂದಾಗ ಅವನೇ ಬೆಚ್ಚಿ ನೋಡುತ್ತಿದ್ದ. ಮನೆಗೆ ಕರೆತಂದ ಮೇಲೆ ನೋಡಲು ಬಂದ ನೆಂಟರೊಬ್ಬರು, ಆರಾಮಾಗಿದ್ದೀಯೇನಪ್ಪ ಎಂದು ಕೇಳಿದರು. ಅಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ‘ರೈಟ್’ ಅಂದ. ಅವರು ಸಮಾಧಾನವಾಗಿ ಕಾಫಿ ಕುಡಿದು ಹೋದರು.

ಮಂಡ್ಯದಲ್ಲಿ ಮಾತಿನ ಚಿಕಿತ್ಸೆ ಕೊಡುವ ಒಬ್ಬ ಹೆಣ್ಣುಮಗಳಿದ್ದರು. ವಾರಕ್ಕೊಮ್ಮೆ ಅವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ನಾವು ಆಡುವುದು ಅಣ್ಣನಿಗೆ ಬಹುಮಟ್ಟಿಗೆ ಅರ್ಥವಾಗುತ್ತದೆ, ಹೇಳಬೇಕಾದದ್ದೂ ಅವನ ಒಳಗಿದೆ, ಅದು ಬಾಯಿಗೆ ಬರುವ ದಾರಿ ಕೆಟ್ಟಿದೆ ಎಂದು ಅವರು ವಿವರಿಸಿದರು. ಮೊದಲ ಕೆಲವು ತಿಂಗಳು ಬಹಳ ಮುಖ್ಯ, ದಿನಾ ಅಭ್ಯಾಸ ಆಗಬೇಕು ಎಂದರು. ಅವರು ಊರುಗಳ ಹೆಸರನ್ನು ಸಾಲಾಗಿ ಶುರು ಮಾಡಿಕೊಟ್ಟಾಗ ಒಂದು ವಿಚಿತ್ರ ನಡೆಯಿತು. ‘ಮಂಡ್ಯ’ ಎಂದು ಅವರು ನಿಲ್ಲಿಸಿದರೆ ಅಣ್ಣ ತಡೆಯಿಲ್ಲದೆ ‘ಹನಕೆರೆ, ಗೆಜ್ಜಲಗೆರೆ, ಮದ್ದೂರು’ ಎಂದು ಹೇಳುತ್ತಾ ಹೋದ. ಅತ್ತಿಗೆ ಕೈಮುಗಿದುಬಿಟ್ಟರು. ಆದರೆ ಆ ಹೆಣ್ಣುಮಗಳು ಅವನನ್ನು ತಡೆದು, ನಿಮ್ಮ ಮನೆ ಯಾವೂರಿನಲ್ಲಿ ಎಂದು ಕೇಳಿದಾಗ ಮತ್ತೆ ‘ರೈಟ್’ ಬಂತು. ಬಾಯಿಪಾಠವಾಗಿ ಕೂತದ್ದು ಬೇರೆ, ಬೇಕೆಂದಾಗ ಹುಡುಕಿ ತರುವ ಮಾತು ಬೇರೆ ಎಂದರು ಆಕೆ. ನಾವು ಹುಡುಕಿ ತರುವುದನ್ನು ಕಲಿಸಬೇಕಿತ್ತು.

ದಿನದ ಅಭ್ಯಾಸಕ್ಕೆ ಅವರು ಆನ್‌ಲೈನ್ ವಿಡಿಯೋಗಳನ್ನು ಸೂಚಿಸಿದರು. ಅದರಲ್ಲಿ ಒಬ್ಬ ಹೆಂಗಸಿನ ಮುಖವಷ್ಟೇ ಕಾಣುತ್ತದೆ. ತುಟಿ ಹೇಗೆ ಕೂಡುತ್ತದೆ, ನಾಲಗೆ ಎಲ್ಲಿ ತಗಲುತ್ತದೆ ಎಂದು ತೋರಿಸುತ್ತ, ಒಂದೊಂದು ಪದವನ್ನು ನಿಧಾನವಾಗಿ ಹೇಳಿ, ನಾವು ಹೇಳಲೆಂದು ಕಾಯುತ್ತಾರೆ. ಮೊಬೈಲಿನಲ್ಲಿ ಅದು ಪ್ರಯೋಜನವಾಗಲಿಲ್ಲ. ಅಣ್ಣನ ನೋಟವೂ ಬಲಗಡೆ ಮಂಕಾಗಿತ್ತು, ಅಷ್ಟು ಚಿಕ್ಕ ತುಟಿ ಅವನಿಗೆ ಕಾಣುತ್ತಿರಲಿಲ್ಲ. ಹಾಗಾಗಿ ನನ್ನ ಲ್ಯಾಪ್‌ಟಾಪನ್ನು ಅವನ ಮಂಚಕ್ಕೆ ತಂದೆ.

ಅದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಪ್ರಶ್ನೆಪತ್ರಿಕೆ ಟೈಪು ಮಾಡಲು, ಅಂಕಪಟ್ಟಿ ತುಂಬಲು ಸಾಕಾಗುತ್ತಿತ್ತು. ವೈರು ಕಿತ್ತರೆ ಆರಿಹೋಗುತ್ತಿತ್ತು, ಕೀಬೋರ್ಡಿನ ಒಂದು ಕೀಲಿ ಎಗರಿಹೋಗಿತ್ತು. ಆದರೂ ನನ್ನ ಕೈಗೆ ಪಳಗಿದ ವಸ್ತು. ಅಣ್ಣ ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದ. ಅತ್ತಿಗೆ ಅವನ ತೊಡೆಯ ಮೇಲೆ ಕೌದಿಯನ್ನು ಮಡಿಸಿ ಹಾಸುತ್ತಿದ್ದರು. ಅದರ ಮೇಲೆ ಲ್ಯಾಪ್‌ಟಾಪು. ನಾನು ಸ್ಕೂಲಿಗೆ ಹೊರಡುವ ಮೊದಲು ಬೆಳಿಗ್ಗೆ ಒಂದು ಪಾಠ, ಬಂದ ಮೇಲೆ ಸಂಜೆ ಒಂದು.

ಮೊದಲ ದಿನವೇ ತೊಂದರೆ ಕಾಣಿಸಿಕೊಂಡಿತು. ವಿಡಿಯೋ ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು. ಆಮೇಲೆ ಚಿತ್ರ ತಡವರಿಸಿತು, ದನಿ ಮುಂದೆ ಹೋಯಿತು, ತುಟಿ ಹಿಂದೆ ಬಿತ್ತು. ಪರದೆಯ ಹೆಂಗಸು ‘ನೀರು’ ಎಂದು ತುಟಿ ಆಡಿಸುತ್ತಿರುವಾಗ ಕಿವಿಗೆ ‘ಅನ್ನ’ ಕೇಳುತ್ತಿತ್ತು. ಸಿನಿಮಾ ಆಗಿದ್ದರೆ ನಾವು ಹೇಗೋ ಹೊಂದಿಸಿಕೊಂಡು ನೋಡುತ್ತಿದ್ದೆವು. ಅಣ್ಣನಿಗೆ ಅದು ಆಗುವ ಹಾಗಿರಲಿಲ್ಲ. ತುಟಿಯನ್ನು ನೋಡಿ ಅವನು ತನ್ನ ತುಟಿ ಕೂಡಿಸುತ್ತಿದ್ದ, ಅಷ್ಟರಲ್ಲಿ ಕಿವಿ ಬೇರೆ ಏನನ್ನೋ ಹೇಳುತ್ತಿತ್ತು. ಮುಖ ಕೆಂಪಾಗಿ, ಎಡಗೈಯಲ್ಲಿ ಮಂಚವನ್ನು ಬಡಿದು ‘ರೈಟ್, ರೈಟ್, ರೈಟ್’ ಎಂದು ಕೂಗಿ ಗೋಡೆಯ ಕಡೆ ತಿರುಗಿಬಿಟ್ಟ. ಅದನ್ನು ಕೇಳಿದ ಚಿಕಿತ್ಸೆಯ ಹೆಣ್ಣುಮಗಳು, ತುಟಿಗೂ ದನಿಗೂ ಹೊಂದದಿದ್ದರೆ ತೋರಿಸಲೇಬೇಡಿ, ಇರುವ ಧೈರ್ಯವೂ ಹೋಗುತ್ತದೆ ಎಂದರು.

ಇಂಟರ್ನೆಟ್ಟಿನದೇ ತೊಂದರೆ ಇರಬೇಕೆಂದು ಮೊದಲು ಅಂದುಕೊಂಡೆ. ಕೇಬಲ್ಲಿನವರು ಬಂದು ನೋಡಿ ವೇಗ ಸರಿಯಾಗಿದೆ ಅಂದರು. ಮೊಬೈಲಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು ನೋಡಿದೆ, ಅದೇ ಕಥೆ. ಅದಕ್ಕಿಂತ ಮುಖ್ಯವಾಗಿ, ವಿಡಿಯೋ ಮುಚ್ಚಿದ ಮೇಲೂ ಲ್ಯಾಪ್‌ಟಾಪು ಚೇತರಿಸಿಕೊಳ್ಳುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ತೆರೆದು ಟೈಪು ಮಾಡಿದರೆ ಅಕ್ಷರಗಳು ನಾನು ಒತ್ತಿ ಎಷ್ಟೋ ಹೊತ್ತಿನ ಮೇಲೆ ಒಂದೊಂದಾಗಿ ಬರುತ್ತಿದ್ದವು. ಬಾಣದ ಗುರುತು ಪರದೆಯ ಮೇಲೆ ಅಂಟಿಕೊಂಡಂತೆ ನಿಲ್ಲುತ್ತಿತ್ತು. ಅಂದರೆ ತೊಂದರೆ ಹೊರಗಿನಿಂದ ಬರುವುದರಲ್ಲಿ ಇಲ್ಲ, ಯಂತ್ರದ ಒಳಗೇ ಇದೆ.

ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಾಯಿಸಬೇಕು, ಉಳಿದದ್ದನ್ನು ಇದ್ದ ಹಾಗೇ ಬಿಡಬೇಕು ಎಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಹಾಗೇ ಮಾಡುತ್ತಾ ಹೋದೆ. ಬ್ರೌಸರಿನಲ್ಲಿ ವರ್ಷಗಳಿಂದ ಕೂಡಿಕೊಂಡಿದ್ದ ಕಸವನ್ನೆಲ್ಲ ಅಳಿಸಿದೆ. ಲ್ಯಾಪ್‌ಟಾಪು ತೆರೆದ ಕೂಡಲೇ ತಾವಾಗಿ ಶುರುವಾಗುತ್ತಿದ್ದ ಪ್ರೋಗ್ರಾಮುಗಳನ್ನು ನಿಲ್ಲಿಸಿದೆ. ಬೇರೆ ಬ್ರೌಸರು ಹಾಕಿದೆ. ವೈರಸ್ ಇದೆಯೇ ಎಂದು ಇಡೀ ಭಾನುವಾರ ಹುಡುಕಿಸಿದೆ. ವಿಡಿಯೋದ ಗುಣಮಟ್ಟ ಇಳಿಸಿದಾಗ ಮಾತ್ರ ಸ್ವಲ್ಪ ಗುಣ ಕಂಡಿತು, ಪಾಠ ಮೊದಲಿಗಿಂತ ಒಂದಷ್ಟು ಮುಂದೆ ಹೋಗಿ ತಡವರಿಸಿತು. ಆರಿಸಿ ಮತ್ತೆ ತೆರೆದರೆ ಸರಿಹೋಗುತ್ತಿತ್ತು, ಆದರೆ ಹಾಗೆ ತೆರೆದ ಮೇಲೆ ಬೆಳಗಿನ ಮೊದಲ ಸಲಕ್ಕಿಂತ ಬೇಗನೆ ಮತ್ತೆ ನಿಧಾನವಾಗುತ್ತಿತ್ತು. ಅದು ಯಾಕೆ ಹಾಗೆ ಎಂದು ನಾನು ಆಗ ಯೋಚಿಸಬೇಕಿತ್ತು. ಅಣ್ಣ ತುಟಿ ಕೂಡಿಸಿ ಕಾಯುತ್ತ ಕೂತಿರುವಾಗ ಯೋಚನೆ ಓಡುತ್ತಿರಲಿಲ್ಲ. ಅವನ ಮುಂದೆ ಕೂತು ನಾನು ಅದನ್ನು ಇದನ್ನು ಒತ್ತುತ್ತಿದ್ದೆ, ಅವನು ನನ್ನ ಬೆರಳನ್ನೇ ನೋಡುತ್ತಿದ್ದ.

ಕೊನೆಗೆ ಮಂಡ್ಯದ ಒಂದು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ಅದನ್ನು ಮೇಜಿನ ಮೇಲಿಟ್ಟು, ನಾನು ಹೇಳಿದ ಪಾಠವನ್ನೇ ಹಾಕಿ, ಬೇರೆ ಕೆಲಸ ಮಾಡಿಕೊಳ್ಳುತ್ತ ಓಡಲು ಬಿಟ್ಟರು. ಪರದೆಯ ಹೆಂಗಸು ಪಾಠ ಮುಗಿಯುವ ಹತ್ತಿರದವರೆಗೂ ತುಟಿ ತಪ್ಪದೆ ಹೇಳಿದರು, ಕೊನೆಯಲ್ಲಿ ಮಾತ್ರ ಒಂದೆರಡು ಸಲ ತಡೆದರು. ಇಷ್ಟು ಹಳೆಯದರಲ್ಲಿ ಇದೆಲ್ಲ ಇದ್ದದ್ದೇ ಸಾರ್, ಒಳಗಿನ ಸಾಫ್ಟ್‌ವೇರೆಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದರು. ಹಾಕಿಕೊಟ್ಟರು. ಮನೆಗೆ ತಂದು ಅಣ್ಣನ ತೊಡೆಯ ಮೇಲಿಟ್ಟರೆ ಆ ಸಂಜೆಯೇ ‘ಮನೆ’ ಅನ್ನುವ ಪದದ ಹತ್ತಿರ ತುಟಿ ನಿಂತುಹೋಯಿತು.

ಅತ್ತಿಗೆಗೆ ಅಂದು ತಾಳ್ಮೆ ಹೋಯಿತು. ಅವರು ನನ್ನ ಮೇಲೆ ಕೂಗಾಡಲಿಲ್ಲ. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ, ನಾನು ಹತ್ತಿರ ಹೋದಾಗ ತಲೆಯೆತ್ತದೆ ಅಂದರು.

“ಆ ಮಿಷನ್ನ ಬುಡು ಅತ್ಲಾಗೆ. ನಾನೇ ಎದ್ರಿಗ್ ಕೂತ್ಕಂಡು ಯೋಳ್ಕೊಡ್ತೀನಿ.”

ಅವರು ಯತ್ನಿಸಿದರು ಕೂಡ. ಎರಡು ದಿನ ಎದುರಿಗೆ ಕೂತು ‘ನೀರು ಅನ್ನಿ, ನೀರು’ ಎಂದು ಹೇಳಿಕೊಟ್ಟರು. ಅಣ್ಣ ಅವರ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಹೆಂಡತಿಯ ಮುಂದೆ ಮಗುವಿನಂತೆ ಪದ ಕಲಿಯುವುದು ಅವನಿಗೆ ಆಗುತ್ತಿರಲಿಲ್ಲವೆಂದು ಕಾಣುತ್ತದೆ. ಪರದೆಯ ಹೆಂಗಸಿಗೆ ಅವನು ಯಾರೋ ಏನೋ, ತಪ್ಪಿದರೂ ಅವರಿಗೆ ಗೊತ್ತಾಗುವುದಿಲ್ಲ. ಎರಡನೆಯ ದಿನದ ಕೊನೆಗೆ ಅತ್ತಿಗೆಯೇ ಬಂದು, ಮಿಷನ್ನು ತಂದುಕೊಡಪ್ಪ ಅಂದರು.

ಅದು ಒಂದು ಭಾನುವಾರ, ಮಧ್ಯಾಹ್ನ. ಹೊರಗೆ ಬಿಸಿಲು ಸುಡುತ್ತಿತ್ತು. ಅತ್ತಿಗೆ ಒಳಗೆ ಸಾರು ಕುದಿಸುತ್ತಿದ್ದರು. ನಾನು ಅಣ್ಣನ ಪಕ್ಕದಲ್ಲೇ ಮಂಚದ ಮೇಲೆ ಕೂತಿದ್ದೆ. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಚಿತ್ರ ನಿಂತಿತು. ಯಾವ ಪ್ರೋಗ್ರಾಮು ಎಷ್ಟು ಎಳೆಯುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ತೆರೆದು ನಾನು ಗೊಣಗುತ್ತ ಒಂದೊಂದನ್ನೇ ಮುಚ್ಚುತ್ತಿದ್ದೆ. ಆಗ ಅಣ್ಣ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ನನ್ನ ಕೈಯನ್ನು ಎಳೆದುಕೊಂಡು ಲ್ಯಾಪ್‌ಟಾಪಿನ ಕೆಳಗೆ, ಅದಕ್ಕೂ ಕೌದಿಗೂ ನಡುವೆ ತುರುಕಿದ. ಕೈ ಚುರುಗುಟ್ಟಿತು. ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟಂತಿತ್ತು. ಇಷ್ಟು ದಿನ ಅಷ್ಟು ಕಾವನ್ನು ಅವನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನೆಂಬುದು ಆಗ ನನಗೆ ಹೊಳೆಯಿತು.

ಅವನು ನನ್ನ ಮುಖ ನೋಡುತ್ತಿದ್ದ. ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಕತ್ತಿನ ನರ ಉಬ್ಬಿತು. ಮತ್ತೆ ‘ರೈಟ್’ ಬರುತ್ತದೆಂದು ನಾನು ಕಾಯುತ್ತಿದ್ದೆ.

“ಬಿಸಿ,” ಅಂದ.

ಅತ್ತಿಗೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು. ಸೌಟಿನಿಂದ ಸಾರು ನೆಲದ ಮೇಲೆ ಸೋರುತ್ತಿತ್ತು, ಅವರಿಗೆ ಅದರ ಕಡೆ ಗಮನವಿರಲಿಲ್ಲ.

“ಏನಂದ್ರಿ?” ಎಂದು ಮೆಲ್ಲಗೆ ಕೇಳಿದರು.

“ಬಿಸಿ.”

ಅದು ಪಾಠದ ಪದವಾಗಿರಲಿಲ್ಲ. ನಮ್ಮ ವಿಡಿಯೋಗಳಲ್ಲಿ ಅದು ಎಲ್ಲೂ ಬಂದಿರಲಿಲ್ಲ. ಅವನಿಗೆ ಬೇಕಾಗಿತ್ತು, ಹುಡುಕಿದ್ದ, ತಂದಿದ್ದ. ಅತ್ತಿಗೆ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತರು. ನಾನು ಲ್ಯಾಪ್‌ಟಾಪನ್ನು ಎತ್ತಿ ಪಕ್ಕಕ್ಕಿಟ್ಟು ಅಣ್ಣನ ಪಂಚೆ ಸರಿಸಿ ನೋಡಿದೆ. ತೊಡೆಯ ಚರ್ಮ ಕೆಂಪಗಾಗಿತ್ತು, ಬೊಕ್ಕೆ ಎದ್ದಿರಲಿಲ್ಲ. ಅತ್ತಿಗೆ ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಸವರಿದರು.

ಈ ಸಂಗತಿಯನ್ನು ಡ್ರೈವರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಅವರು ರಜೆ ಸಿಕ್ಕಿದಾಗಲೆಲ್ಲ ಅಣ್ಣನನ್ನು ನೋಡಲು ಬರುತ್ತಿದ್ದರು. ಬಂದು, ಅಣ್ಣ ಮುಂಚೆ ಹೇಗೆ ಹೇಳುತ್ತಿದ್ದನೋ ಹಾಗೆ ಬಸ್ಸಿನ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದರು.

“ಹಳೇ ಗಾಡೀಲಿ ಇವ್ನು ಬಾನೆಟ್ ಮೇಲೆ ಕೂತ್ಕತಿದ್ದ ಕಣ್ ಮೇಷ್ಟ್ರೇ,” ಅಂದರು ಅವರು. “ಇಂಜಿನ್ ಕಾಯ್ತಾ ಅದೆ ಅಂತ ಮೀಟರ್ ಮುಳ್ಳು ಮೇಲೇಳಕ್ಕಿಂತ ಮುಂಚೆ ಇವ್ನೇ ಯೋಳೋನು. ನೀರ್ ಉಯ್ಯೋವರ್ಗೂ ರೈಟ್ ಕೊಡ್ತಿರ್ನಿಲ್ಲ.”

ಅಣ್ಣ ಕೇಳುತ್ತ ಕೂತಿದ್ದ. ಮುಖದ ಒಂದು ಕಡೆ ನಕ್ಕಿತು.

ನನಗೆ ಈಗ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ಅಂಗಡಿಯ ಮೇಜಿನ ಮೇಲೆ ಬಹಳ ಹೊತ್ತು ಚೆನ್ನಾಗಿ ಓಡಿದ ಲ್ಯಾಪ್‌ಟಾಪು ಅಣ್ಣನ ತೊಡೆಯ ಮೇಲೆ ಬೇಗ ನಿಂತದ್ದು ಈ ಕೌದಿಯಿಂದ. ಗಾಳಿ ಎಳೆದುಕೊಳ್ಳುವ ಕಿಂಡಿಗಳು ಲ್ಯಾಪ್‌ಟಾಪಿನ ತಳದಲ್ಲಿವೆ, ಅವನ್ನು ಕೌದಿ ಮುಚ್ಚಿಬಿಡುತ್ತಿತ್ತು. ಆರಿಸಿ ಮತ್ತೆ ತೆರೆದಾಗ ಒಳಗಿನ ಕಾವು ಆರಿರುತ್ತಿರಲಿಲ್ಲ, ಅದಕ್ಕೇ ಎರಡನೆಯ ಸಲ ಬೇಗ ಸೋಲುತ್ತಿತ್ತು. ಮತ್ತೆ ಅದೇ ಅಂಗಡಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಂಗಡಿಯವರು ತಳ ಬಿಚ್ಚಿದರು. ಫ್ಯಾನಿನ ಬಾಯಿಗೆ ಧೂಳೂ ಕೌದಿಯ ಎಳೆಗಳೂ ಸೇರಿ ಕಂಬಳಿಯ ತುಂಡಿನಂತೆ ಕೂತಿದ್ದವು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಬಹಳ ಬಿಸಿಯಾದಾಗ ಯಂತ್ರವು ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಮೊದಲ ಸಲವೇ ಬಿಚ್ಚಿ ನೋಡಬೇಕಿತ್ತು ಎಂದು ಅವರು ಬೇಸರ ಪಟ್ಟುಕೊಂಡರು. ಫ್ಯಾನು ಶುಚಿ ಮಾಡಿ, ಕಾವು ಸಾಗಿಸಲೆಂದು ಚಿಪ್‌ನ ಮೇಲೆ ಹಚ್ಚಿ ಒಣಗಿಹೋಗಿದ್ದ ಪೇಸ್ಟನ್ನು ಕೆರೆದು ಹೊಸದು ಹಚ್ಚಿದರು. ಬ್ರೌಸರಿನಲ್ಲಿ ಒಂದು ಸೆಟ್ಟಿಂಗನ್ನೂ ಆಫ್ ಮಾಡಿದರು. ವಿಡಿಯೋದ ಕೆಲಸವನ್ನು ಅದು ಚಿತ್ರಗಳಿಗೆಂದೇ ಇರುವ ಚಿಪ್‌ಗೆ ಕೊಡುತ್ತಿತ್ತಂತೆ, ಇಷ್ಟು ಹಳೆಯ ಚಿಪ್‌ಗೆ ಅದು ಹೊರಲಾಗದ ಹೊರೆಯಂತೆ. ಲ್ಯಾಪ್‌ಟಾಪಿನ ಮೆಮೊರಿಯೇ ಕಡಿಮೆ ಇರುವುದರಿಂದ ಪಾಠವೊಂದನ್ನು ಬಿಟ್ಟು ಬೇರೇನೂ ತೆರೆದಿಡಬೇಡಿ, ಒಂದು ಪಾಠವಾದ ಮೇಲೆ ಬ್ರೌಸರನ್ನು ಪೂರ್ತಿ ಮುಚ್ಚಿ ಎಂದರು.

ಮನೆಯಲ್ಲಿ ಅತ್ತಿಗೆ ಊಟದ ಮಣೆಯೊಂದನ್ನು ಹುಡುಕಿ ತೆಗೆದರು. ಅಣ್ಣನ ಎಡಕ್ಕೆ ಮಂಚದ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು. ಅದರ ಹಿಂದಿನ ಅಂಚಿಗೆ ಎರಡು ಬೆಂಕಿಪೊಟ್ಟಣ ಕೊಟ್ಟು ಎತ್ತರಿಸಿದೆ. ಮಾರನೆಯ ಬೆಳಿಗ್ಗೆ ಪಾಠ ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಓಡಿತು. ಪರದೆಯ ಹೆಂಗಸು ನಮಸ್ಕಾರ ಹೇಳಿ ಮುಖದ ಮುಂದೆ ಕೈ ಜೋಡಿಸಿದ್ದನ್ನು ನಾವು ಅಂದೇ ಮೊದಲು ನೋಡಿದ್ದು.

ಆಮೇಲಿನ ತಿಂಗಳುಗಳಲ್ಲಿ ಅಣ್ಣನಿಗೆ ಕೆಲವು ಪದಗಳು ಬಂದವು. ನೀರು ಬಂತು. ಬಾ, ಬೇಡ, ಸಾಕು ಬಂದವು. ಒಂದು ದಿನ ಬಂದದ್ದು ಇನ್ನೊಂದು ದಿನ ಸಿಗುತ್ತಿರಲಿಲ್ಲ, ನಾವು ಕಾಯುತ್ತಿದ್ದೆವು. ಹೆಸರುಗಳು ಮಾತ್ರ ಅವನಿಗೆ ದಕ್ಕಲೇ ಇಲ್ಲ. ಭಾನುವಾರ ಮಗಳು ಬಂದು ಕೈ ಹಿಡಿದು ಕೂತು, ನನ್ನ ಹೆಸರು ಹೇಳಪ್ಪ ಅನ್ನುತ್ತಿದ್ದಳು. ತಾನೇ ಇಟ್ಟ ಹೆಸರು ಅದು. ಎಷ್ಟೋ ಹೊತ್ತು ತಡಕಾಡಿ ಅವನು ಹೇಳುತ್ತಿದ್ದದ್ದು ‘ಮಳವಳ್ಳಿ’. ಮೊದಲ ಸಲ ಅವಳು ಎದ್ದುಹೋಗಿ ನನ್ನ ಮನೆಯಲ್ಲಿ ಕೂತು ಅತ್ತಳು. ಆಮೇಲಾಮೇಲೆ ಅವನು ‘ಮಳವಳ್ಳಿ’ ಎಂದರೆ ‘ಏನಪ್ಪ’ ಎಂದು ಓಗೊಡುವುದನ್ನು ರೂಢಿ ಮಾಡಿಕೊಂಡಳು.

ಮಂಡ್ಯದ ಚಿಕಿತ್ಸೆಯ ಹೆಣ್ಣುಮಗಳು ನಮಗೆ ಸುಳ್ಳು ಭರವಸೆ ಕೊಡಲಿಲ್ಲ. ಇನ್ನು ಮುಂದಿನದು ಬಹಳ ನಿಧಾನ, ಬರಬಹುದು, ಬಾರದೆಯೂ ಇರಬಹುದು ಎಂದರು. ಅಣ್ಣ ಆ ಮಾತನ್ನು ಕೇಳಿಸಿಕೊಂಡ. ಅವನ ಮುಂದೆಯೇ ಹೇಳಿದ್ದು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಹನಕೆರೆಯ ಹತ್ತಿರ ಯಾರೋ ಅವನನ್ನು ಗುರುತಿಸಿ ಮಾತಾಡಿಸಲು ಬಂದರು. ಅವನು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದ.

ಅದಾದ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ನಾನು ಎಂದಿನಂತೆ ಪಾಠ ಹಾಕಿದೆ. ಪರದೆಯ ಹೆಂಗಸು ಬಾಯಿ ತೆರೆಯುವ ಮೊದಲೇ ಅಣ್ಣ ಎಡಗೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಕೆಳಕ್ಕೆ ಒತ್ತಿದ.

“ಸಾಕು,” ಅಂದ.

ಸಿಟ್ಟಿನಿಂದ ಅಂದದ್ದಲ್ಲ. ನಾನು ಅವನ ಮುಖ ನೋಡಿದೆ, ಅವನೂ ನನ್ನನ್ನು ನೋಡಿದ. ಅತ್ತಿಗೆ ಒಪ್ಪಲಿಲ್ಲ. ಇವತ್ತೊಂದು ದಿನ ನೋಡಿ, ಅರ್ಧ ಪಾಠವಾದರೂ ನೋಡಿ ಎಂದು ಗೋಗರೆದರು, ಮುಚ್ಚಳ ಎತ್ತಲು ಹೋದರು. ಅಣ್ಣ ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು.

“ಬಸ್ಸಿಂದ ಬಂದು ಅಷ್ಟೊಂದು ಮಾತಾಡೋರಲ್ಲ ನಿಮ್ಮಣ್ಣ, ಅದ್ರಲ್ಲಿ ನಾನು ಕೇಳಿಸ್ಕತಿದ್ದದ್ದು ಏಸು ಅಂತೀಯ? ಒಲೆ ಮೇಲೆ ಏನೈತೆ, ನಾಳಿಕೆ ಏನ್ ಮಾಡ್ಲಿ ಅಂತ ನನ್ ಯೋಚ್ನೆ ನಂದು. ಈಗ ನೆಪ್ಪು ಮಾಡ್ಕಳಾನ ಅಂದ್ರೆ ಒಂದ್ ಕಥೇನೂ ನೆಟ್ಟಗೆ ನೆಪ್ಪಿಗ್ ಬರಾಕಿಲ್ಲ ಕಣಪ್ಪ.”

ಗೋಡೆಯ ಆಚೆ ಇದ್ದ ನಾನೂ ಆ ಕಥೆಗಳನ್ನು ಕೇಳುತ್ತಿದ್ದೆ, ನನಗೂ ಅವು ಒಟ್ಟಾರೆ ಒಂದು ದನಿಯಾಗಿ ಮಾತ್ರ ನೆನಪಿದ್ದವು. ಅವರ ಪಕ್ಕದಲ್ಲಿ ಕೂತುಕೊಂಡೆ. ಸ್ಕೂಲಿನ ಹೊತ್ತು ಮೀರುತ್ತಿತ್ತು, ಅವರೇ ಎದ್ದು, ಓಗಪ್ಪ ಒತ್ತಾಯ್ತು ಎಂದು ಕಳಿಸಿದರು.

ಆ ವಾರ ನಾನೊಬ್ಬನೇ ಮಂಡ್ಯಕ್ಕೆ ಹೋಗಿ ಚಿಕಿತ್ಸೆಯ ಹೆಣ್ಣುಮಗಳನ್ನು ಕಂಡೆ. ಒತ್ತಾಯ ಮಾಡಬೇಡಿ ಎಂದರು. ನಿಮ್ಮ ಅಣ್ಣನವರಿಗೆ ಪ್ರತಿ ಬೆಳಿಗ್ಗೆಯೂ ಒಂದು ಪರೀಕ್ಷೆ ಬರೆದು ನಪಾಸಾದಂತೆ ಆಗಿರಬಹುದು. ಪಾಠ ನಿಂತರೆ ಎಲ್ಲ ನಿಂತಿತೆಂದಲ್ಲ, ಮನೆಯಲ್ಲಿ ಅವರೊಡನೆ ಮಾತಾಡುತ್ತಿರಿ, ಉತ್ತರಕ್ಕೆ ಅವಸರ ಮಾಡಬೇಡಿ, ಅವರ ಬದಲು ನೀವೇ ಮಾತು ಮುಗಿಸಬೇಡಿ ಎಂದರು. ನಾನು ಬಂದು ಅತ್ತಿಗೆಗೆ ಅದನ್ನು ಹಾಗೇ ಹೇಳಿದೆ.

ಅಣ್ಣನಿಗೆ ಮತ್ತೆ ಕೆಲಸಕ್ಕೆ ಹೋಗಲಾಗಲಿಲ್ಲ, ಅನಾರೋಗ್ಯದ ಮೇಲೆ ನಿವೃತ್ತಿ ಕೊಟ್ಟರು. ಬೀಳ್ಕೊಡುಗೆ ಮಾಡುತ್ತೇವೆ ಎಂದು ಡಿಪೋದವರು ಕರೆದಾಗ ಅವನು ಬೇಡವೆಂದು ತಲೆಯಾಡಿಸಿದ. ಡ್ರೈವರ್ ಮನೆಗೇ ಬಂದು ಶಾಲು ಹೊದಿಸಿ, ಊಟ ಮಾಡಿ ಹೋದರು. ಕೋಲೂರಿಕೊಂಡು ಈಗ ಅವನು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಾನೆ. ಚಿಲ್ಲರೆ ಅಂಗಡಿಯಲ್ಲಿ ಬೇಕಾದದ್ದನ್ನು ತೋರಿಸಿ ತರುತ್ತಾನೆ. ಒಂದು ಹತ್ತಿಪ್ಪತ್ತು ಪದಗಳಲ್ಲಿ ಅವನ ದಿನ ಸಾಗುತ್ತದೆ.

ಲ್ಯಾಪ್‌ಟಾಪು ನನ್ನ ಮನೆಗೆ ವಾಪಸು ಬಂದಿದೆ, ಪ್ರಶ್ನೆಪತ್ರಿಕೆಯ ಕೆಲಸಕ್ಕೆ ಸಾಕಾಗುತ್ತದೆ. ಮಕ್ಕಳಿಗೆ ತೋರಿಸಲೆಂದು ಯಾವುದಾದರೂ ಪ್ರಯೋಗದ ವಿಡಿಯೋ ಹಾಕಿದರೆ ಈಗಲೂ ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತದೆ. ಆಗ ಮುಚ್ಚಿ ಆರಲು ಬಿಡುತ್ತೇನೆ.

ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಾಗ ಗೋಡೆಯ ಆಚೆಯಿಂದ ಅತ್ತಿಗೆಯ ದನಿ ಕೇಳುತ್ತದೆ. ಬೀದಿಯ ನಲ್ಲಿಯ ಹತ್ತಿರ ಯಾರು ಯಾರೊಡನೆ ಜಗಳವಾಡಿದರು, ಸಂತೆಯಲ್ಲಿ ಅವರೆಕಾಯಿ ಹೇಗಿತ್ತು, ಊರಿನಿಂದ ದಾಯಾದಿ ಫೋನು ಮಾಡಿ ಏನಂದರು ಎಂದು ಅವರು ಅಣ್ಣನಿಗೆ ಒಂದನ್ನೂ ಬಿಡದೆ ಹೇಳುತ್ತಿರುತ್ತಾರೆ. ನಡುವೆ ಒಮ್ಮೊಮ್ಮೆ ನಿಲ್ಲಿಸುತ್ತಾರೆ. ಬಹಳ ಹೊತ್ತಾದ ಮೇಲೆ ಅವನದೊಂದು ಪದ ಕೇಳುತ್ತದೆ, ಏನೆಂದು ನನಗೆ ಇಲ್ಲಿಗೆ ಗೊತ್ತಾಗುವುದಿಲ್ಲ. ಆಮೇಲೆ ಅತ್ತಿಗೆ ಮತ್ತೆ ಶುರು ಮಾಡುತ್ತಾರೆ.